ಖಾಲಿ ಗೂಟಕ್ಕ ಕುಂಕುಮ

ನಮ್ಮ ತವರ್ಮನಿ ಪುರ್ತಗೇರ್ಯಾಗ, ದೇವರ ಜಗಲಿ ಮಗ್ಗಲ ಗ್ವಾಡ್ಯಾಗ ಒಂದು ಕಟಿಗಿ ಗೂಟ ಐತಿ. ಅದಕ್ಕ ಯಾರೂ ಏನೂ ಹಾಕಂಗಿಲ್ಲ. ಸಣ್ಣಾಕಿದ್ದಾಗ ಒಮ್ಮೆ ಸಾಲಿಯಿಂದ ಓಡಿ ಬಂದು ನನ್ನ ಪಾಟಿಚೀಲ ಅದಕ್ಕ ತೂಗುಹಾಕಿದ್ದೆ. ಆಯಿ ಎದ್ದು ಬಂದು ಚೀಲ ತಗದು ನನ್ನ ಕೈಗೆ ಕೊಟ್ಲು. ಬೈಲಿಲ್ಲ. ಬೈದಿದ್ರ ಮರೆತುಬಿಡ್ತಿದ್ನೇನೋ, ಆಕಿ ಸುಮ್ಮನಿದ್ದದ್ದಕ್ಕ ನೆನಪುಳೀತು.

ದಸರಾದ ಒಂಬತ್ತನೇ ದಿನ ನಮ್ಮ ಕಡೆ ಖಂಡೆಪೂಜಿ. ಖಂಡೆ ಅಂದ್ರ ಕತ್ತಿ. ಆದ್ರ ರೈತರ ಮನ್ಯಾಗ ಕತ್ತಿ ಎಲ್ಲಿಂದ ಬರಬೇಕ್ರಿ? ಕುಡಗೋಲು, ಕುರ್ಚಿಗಿ, ಸಲಿಕಿ, ಗುದ್ದಲಿ, ಕೂರಿಗಿ ತಾಳು, ಅಡಗಿಮನಿ ಈಳಿಗಿ, ಅವ್ವನ ಹೊಲಿಗಿ ಮಷಿನ್ನಿನ ಕತ್ತರಿ, ಇವ ನಮ್ಮ ಖಂಡೆ. ಹಿಂದಿನ ದಿನ ಎಲ್ಲಾನೂ ಬೂದಿ ಹಚ್ಚಿ ತಿಕ್ಕಿ ತೊಳದು, ಕಂಬಳಿ ಹಾಸಿ ಅದರ ಮ್ಯಾಲ ಸಾಲಾಗಿ ಇಡೋದು. ಇಬತ್ತಿ, ಕುಂಕುಮ, ಚೆಂಡುಹೂವು, ಕಾಯಿ, ಕರಿಗಡಬಿನ ಎಡಿ. ಅವತ್ತ ಅವನ್ನ ಯಾರೂ ಮುಟ್ಟಂಗಿಲ್ಲ, ಕಾಯಿಪಲ್ಯೆ ಕೂಡ ಹಿಂದಿನ ದಿನಾನ ಹೆಚ್ಚಿ ಇಟ್ಟಿರಬೇಕು. ಎಲ್ಲಾ ಆದಮ್ಯಾಲ ಅವ್ವ ಎದ್ದು ಹೋಗಿ ಆ ಖಾಲಿ ಗೂಟಕ್ಕೂ ಒಂದು ಬಟ್ಟು ಕುಂಕುಮ ಹಚ್ಚತಾಳ. ಆಕಿಗಿಂತ ಮೊದಲ ಆಯಿ ಹಚ್ಚತಿದ್ಲು.

"ಅಲ್ಲೇನೂ ಇಲ್ಲಲ್ಲಬೇ?" ಅಂತ ಕೇಳಿದ್ರ, "ಇಲ್ಲ ಅಂತನ ಹಚ್ಚೋದು" ಅಂತಿದ್ಲು ಅವ್ವ.

ನನ್ನ ಲಗ್ನ ಗೊತ್ತಾದ ವರ್ಷ ಅವ್ವ ನನಗ ಆ ಕತಿ ಪೂರ್ತಿ ಹೇಳಿದ್ಲು. ಹೆಣ್ಣಮಕ್ಕಳಿಗೆ ಮನಿ ಬಿಟ್ಟು ಹೋಗೋ ಹೊತ್ತಿಗೆ ಮನಿ ಕತಿ ಹೇಳೋದು ನಮ್ಮಲ್ಲಿ ರೂಢಿ ನೋಡ್ರಿ.

ಆ ಗೂಟಕ್ಕ ನಮ್ಮಜ್ಜನ ಕೊಡ್ಲಿ ಇರತಿತ್ತಂತ. ಅದು 1972ರ ಬರಗಾಲದ ಕಾಲ. ಎರಿ ಹೊಲ ಬಿರುಕು ಬಿಟ್ಟು ಬಾಯಿ ತಗದಿದ್ವು, ಬಿತ್ತಿದ ಜ್ವಾಳ ಮೊಳಕಿ ಒಡದಿರಲಿಲ್ಲ. ಅಜ್ಜನ ಹೊಲಕ್ಕೂ ಅಜ್ಜನ ತಮ್ಮ, ಅಂದ್ರ ನಮ್ಮ ಸಣ್ಣಜ್ಜನ ಹೊಲಕ್ಕೂ ನಡಬರಕ ಒಂದು ಬದು, ಬದುವಿನ ಮ್ಯಾಲ ಒಂದು ಕರಿಜಾಲಿ ಗಿಡ. ಸುಕಾಲದಾಗ ಆ ಗಿಡ ಯಾರದು ಅಂತ ಯಾರೂ ಕೇಳಿರಲಿಲ್ಲ. ಬರ ಬಂದಾಗ ಅದರ ಟೊಂಗಿ ಉರವಲಾತು, ಕಾಯಿ ಆಡಿಗೆ ಮೇವಾತು. ಗಿಡ ಯಾರದು ಅನ್ನೋ ಮಾತು ಬದು ಯಾರದು ಅನ್ನೋದಕ್ಕ ಬಂತು. ಒಂದು ಮುಂಜಾನೆ ಅಣ್ಣ ತಮ್ಮ ಇಬ್ರೂ ಗಿಡದ ಬುಡದಾಗ ನಿಂತಿದ್ರು, ಅಜ್ಜನ ಕೈಯಾಗ ಕೊಡ್ಲಿ ಇತ್ತು. ಗಿಡಕ್ಕ ಬೀಳಬೇಕಾದದ್ದು ಸಣ್ಣಜ್ಜನ ಎಡಗೈ ರಟ್ಟಿಗೆ ಬಿತ್ತು.

ಜೀವ ಉಳೀತು. ಕೈ ಉಳಿಲಿಲ್ಲ ಅಂತ ಹೇಳಬೇಕು. ಸಣ್ಣಜ್ಜ ಸಾಯೋತನಕ ಆ ಕೈ ಭುಜದ ಮ್ಯಾಲ ಏಳಲೇ ಇಲ್ಲ. ರುಮಾಲು ಸುತ್ತಾಕ ಮಗನ್ನ ಕರೀತಿದ್ದ. ಊರ ಹಿರಿಯರು ಕೂತು ಬಗಿಹರಿಸಿದ್ರು, ಗಿಡ ಸಣ್ಣಜ್ಜಗ ಕೊಟ್ರು. ಮಾತು ಮಾತ್ರ ಎರಡೂ ಮನಿ ನಡುವ ಇಪ್ಪತ್ತು ವರ್ಷ ನಿಂತಿತ್ತು.

ಆಯಿ ಅವತ್ತ ರಾತ್ರಿನ ಆ ಕೊಡ್ಲಿ ತಗೊಂಡು ಹಗೇವಿನಾಗ ಜ್ವಾಳದ ಹೊಟ್ಟಿನೊಳಗ ಮುಚ್ಚಿಟ್ಲು. ನಾಕು ತಿಂಗಳು ವಿಚಾರ ಮಾಡಿದ್ಲಂತ ಅದನ್ನೇನು ಮಾಡೋದು ಅಂತ. ಬಾವಿಗೆ ಒಗದ್ರ ಹೂಳು ತಗಿಯೋವಾಗ ಯಾರರ ಮ್ಯಾಲ ತರತಾರ. ಮಾರಿದ್ರ ಬ್ಯಾರೆಯವ್ರ ಕೈ ಸೇರತೈತಿ. ಕಮ್ಮಾರಗ ಕೊಟ್ರ ಅಂವ ಕಾಸಿ ಬಡದು ಇನ್ನೊಂದು ಕೊಡ್ಲಿ ಮಾಡ್ತಾನ. ಮನ್ಯಾಗ ಇಟ್ರ ದಿನಾ ಕಣ್ಣಿಗೆ ಬೀಳತೈತಿ, ಕಣ್ಣಿಗೆ ಬಿದ್ದದ್ದು ಕೈಗೂ ಬರತೈತಿ. ಕಡೀಕ ಒಂದು ಅಮಾಸಿ ದಿನ ಸೆರಗಿನಾಗ ಸುತ್ತಿಕೊಂಡು, ನಮ್ಮೂರಿನಿಂದ ಎರಡು ತಾಸಿನ ಹಾದಿ ನಡದು, ಈರಭದ್ರ ದೇವರ ಗುಡಿಗೆ ಹೋಗಿ ಕೊಟ್ಟು ಬಂದ್ಲು.

ನಮ್ಮ ಕಡೆ ದೇವರಿಗೆ ಕೊಡ್ಲಿ ಕೊಡೋ ಪದ್ಧತಿ ಇಲ್ಲ. ತ್ರಿಶೂಲ ಕೊಡತಾರ, ಗಂಟಿ ಕೊಡತಾರ, ಕಣ್ಣುಬ್ಯಾನಿ ವಾಸಿಯಾದ್ರ ಬೆಳ್ಳಿ ಕಣ್ಣು ಕೊಡತಾರ. ಪೂಜಾರಿಗೂ ತಿಳೀಲಿಲ್ಲ. "ಏನು ಹರಕಿ ಯವ್ವಾ ಇದು?" ಅಂತ ಕೇಳಿದ್ರಂತ. ಆಯಿ, "ಹರಕಿ ಏನಿಲ್ಲಪಾ. ಇದು ನಮ್ಮ ಮನ್ಯಾಗೂ ಇರಬಾರದು, ಮಂದಿ ಮನ್ಯಾಗೂ ಇರಬಾರದು. ಅದಕ್ಕ ತಂದೀನಿ" ಅಂದ್ಲಂತ.

ಈರಭದ್ರನ್ನ ಯಾಕ ಹುಡುಕಿಕೊಂಡು ಹೋದ್ಲು ಅನ್ನೋದು ನಮ್ಮ ಕಡಿಯವ್ರಿಗೆ ಹೇಳೋದು ಬ್ಯಾಡ. ದಕ್ಷನ ಯಜ್ಞ ಕೆಡಿಸಾಕ ಶಿವನ ಜಡಿಯಿಂದ ಹುಟ್ಟಿದಾಂವ. ಮೂರ್ತಿ ನೋಡಿದ್ರ ಕೈಗೊಂದು ಆಯುಧ: ಖಡ್ಗ, ಗುರಾಣಿ, ಬಿಲ್ಲು, ಬಾಣ. ಲಗ್ನದ ಮನ್ಯಾಗ ಗುಗ್ಗಳ ಹೊಂಡೋ ಮುಂದ ಪುರವಂತರು ಕತ್ತಿ ಹಿಡದು, ಕಾಲಗೆಜ್ಜಿ ಕಟ್ಟಿ, ಒಡಪು ಹೇಳಿದ್ರ ಹಾಸಿಗಿ ಹಿಡಿದ ಮುದುಕರೂ ಎದ್ದು ಕುಂದರತಾರ. ಹರಕಿ ಹೊತ್ತವ್ರು ಗಲ್ಲಕ್ಕ ಶಸ್ತ್ರ ಚುಚ್ಚಿಸಿಕೊಳ್ಳತಾರ. ನಾ ಸಣ್ಣಾಕಿದ್ದಾಗ ಅವ್ವನ ಸೀರಿ ಹಿಂದ ಮುಖ ಮುಚ್ಚಿಕೊಂಡು, ನಡುನಡುವ ಒಂದು ಕಣ್ಣಿಲೆ ನೋಡ್ತಿದ್ದೆ. ಸಿಟ್ಟಿನ ದೇವರು ಅಂವ. ಸಿಟ್ಟಿನ ಸಾಮಾನು ಸಿಟ್ಟಿನ ದೇವರ ಕಡೆನ ಇರಲಿ ಅಂತ ಆಯಿ ಲೆಕ್ಕಾ ಹಾಕಿರಬೇಕು.

ಈ ಕತಿ ನನ್ನ ಹೊಟ್ಟ್ಯಾಗ ಹಂಗ ಇತ್ತು. ಮ್ಯಾಲ ಬಂದದ್ದು ನನ್ನ ಮಗಳಿಂದ. ಆಕಿ ಧಾರವಾಡದಾಗ ಇತಿಹಾಸ ಓದತಾಳ. ಸೂಟಿಗೆ ಹುಬ್ಬಳ್ಳಿಗೆ ಬಂದಾಗ, ನಾ ರೊಟ್ಟಿ ಬಡಿಯೋ ಹೊತ್ತಿಗೆ ಪಕ್ಕದಾಗ ಕೂತು, "ಮಮ್ಮಿ, ಇದೇನು ಹೇಳು" ಅಂತ ಮೊಬೈಲಿನಾಗ ಒಂದು ಫೋಟೋ ತೋರಿಸಿದ್ಲು. ನನಗ ಕಲ್ಲಿನ ಕುಂಡದಂಗ ಕಂಡಿತು. ಅದು ಗದಿಯ ತಲಿಯಂತ. ಇರಾಕಿನ ದಕ್ಷಿಣಕ್ಕ ತೆಲ್ಲೋ ಅನ್ನೋ ದಿಬ್ಬ ಐತಿ, ಹಿಂದಿನ ಕಾಲಕ್ಕ ಅದು ಗಿರ್ಸು ಅನ್ನೋ ಊರು. 1877ರಿಂದ ಫ್ರೆಂಚರು ಅಲ್ಲಿ ಅಗಿಯಾಕ ಶುರು ಮಾಡಿದ್ರು. ಗದಿ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ್ಯಾಗ ಐತಿ. ಹೆಚ್ಚುಕಡಿಮಿ ನಾಕೂವರಿ ಸಾವಿರ ವರ್ಷದ್ದು. ಕಿಶ್ ಅನ್ನೋ ರಾಜ್ಯದ ಅರಸ ಮೆಸಿಲಿಮ್, ನಿಂಗಿರ್ಸು ಅನ್ನೋ ದೇವರಿಗೆ ಕೊಟ್ಟದ್ದು. ಕೊಟ್ಟಾಂವ ಯಾರು, ಯಾವ ದೇವರಿಗೆ, ಆಗ ಅಲ್ಲಿ ಆಳತಿದ್ದಾಂವ ಯಾರು ಅಂತ ಅದರ ಮ್ಯಾಲನ ಕೆತ್ತಿಸ್ಯಾರ. ಸುತ್ತಲೂ ಆರು ಸಿಂಹ, ಒಂದರ ಬೆನ್ನಿಗೆ ಇನ್ನೊಂದು ಬಾಯಿ ಹಾಕಿದ್ದು. ನೆತ್ತಿ ಮ್ಯಾಲ ಸಿಂಹದ ಮುಖದ ಹದ್ದು.

"ಎಷ್ಟು ದೊಡ್ಡದು?" ಅಂದೆ.

"ಹತ್ತೊಂಬತ್ತು ಸೆಂಟಿಮೀಟರ್ ಎತ್ತರ, ಸುಣ್ಣದಕಲ್ಲು. ಇದರಿಂದ ಯಾರಿಗೂ ಹೊಡಿಯಾಕ ಆಗಂಗಿಲ್ಲ ಮಮ್ಮಿ. ದೇವರಿಗೆ ಕೊಡಾಕಂತನ ಮಾಡಿದ್ದು."

ನನ್ನ ಕೈಯಾಗಿನ ರೊಟ್ಟಿ ಹಂಗ ನಿಂತಿತು. ಹೊಡಿಯಾಕ ಬರದಂಥ ಆಯುಧ! ದೇವರ ಮನಿಗೆ ಹೋತಂದ್ರ ಕತ್ತಿ ಕತ್ತಿ ಅಲ್ಲ, ಗದಿ ಗದಿ ಅಲ್ಲ ಅಂತ ಆ ಕಾಲದ ಮಂದಿಗೂ ಗೊತ್ತಿತ್ತೇನು ಅನಿಸಿತು. ಆಗ ನಾನು ಮಗಳಿಗೆ ಆಯಿಯ ಕೊಡ್ಲಿ ಕತಿ ಹೇಳಿದೆ. ಆಕಿ ಬಾಯಿ ಮ್ಯಾಲ ಕೈ ಇಟ್ಟುಕೊಂಡು ಕೇಳಿ, "ಮಮ್ಮಿ, ಈ ಮೆಸಿಲಿಮ್ ಇನ್ನೊಂದು ಕೆಲಸ ಮಾಡ್ಯಾನ ಗೊತ್ತೇನು? ಬದು ಅಳದಾನ" ಅಂದ್ಲು.

ಖರೇನ ಐತ್ರಿ ಅದು. ಗಿರ್ಸು ಇದ್ದದ್ದು ಲಗಶ್ ರಾಜ್ಯದಾಗ. ಲಗಶಿಗೂ ಬಾಜೂಕಿನ ಉಮ್ಮಾಕ್ಕೂ ನಡುವ ಒಂದು ದೊಡ್ಡ ಫಲವತ್ತಾದ ಬಯಲು, ಅದಕ್ಕ ಎರಡೂ ಕಡೆ ಜಗಳ. ಮೆಸಿಲಿಮ್ ಹಿರೇತನ ವಹಿಸಿ, ಹಗ್ಗದಿಂದ ಹೊಲ ಅಳದು, ಬಾಂದಗಲ್ಲು ನೆಡಿಸಿದ. ಮುಂದ ಲಗಶಿನ ಅರಸ ಎನ್ಮೆತೆನ ಮಣ್ಣಿನ ಶಂಕದ ಮ್ಯಾಲ ಆ ಜಗಳದ ಕತಿ ಬರಸಿಟ್ಟಾನ. ಅದರಾಗ ಐತಿ, ಉಮ್ಮಾದ ಒಬ್ಬ ದೊರಿ ಆ ಕಲ್ಲನ್ನ ಕಿತ್ತು ಒಗದು ಒಳಗ ನುಗ್ಗಿದ ಅಂತ. ತಲಿಮಾರುಗಟ್ಟಲೆ ಬಡದಾಡಿದ್ರು. ಗದಿ ಕೊಟ್ಟು, ಬದು ಅಳದು, ಕಲ್ಲು ನೆಟ್ಟರೂ ಜಗಳ ಮುಗೀಲಿಲ್ಲ.

ನಾವೇನು ಕಡಿಮಿ? ಸೀಮಿ ಜಗಳ ಮುಗಿಸಾಕ ಮರಾಠರು, ಟೀಪೂ ಸುಲ್ತಾನ ಒಪ್ಪಂದ ಮಾಡಿಕೊಂಡದ್ದು 1787ರಾಗ ನಮ್ಮ ಗಜೇಂದ್ರಗಡದಾಗನ. ಅರಸರದು ಸೀಮಿ, ನಮ್ಮದು ಬದು. ಅಷ್ಟ ಫರಕು.

ಮಗಳು ಹೇಳಿದ್ದು ಇನ್ನೊಂದೈತಿ. ಮೆಸಿಲಿಮ್ ಆದಮ್ಯಾಲ ಏಳುನೂರು ವರ್ಷಕ್ಕ, ಹಳೇ ಬಾಬಿಲೋನಿನ ಕಾಲದಾಗ, ಸಿಪ್ಪರ್ ಅನ್ನೋ ಊರಾಗ ಸೂರ್ಯದೇವರ ಗುಡಿ ಇತ್ತು. ಆ ಗುಡಿಯ ಆಯುಧವನ್ನ ಬಾಡಿಗಿಗೆ ಒಯ್ಯತಿದ್ರಂತ. ಹೊಲದಾಗ ಬೆಳಿ ಲೆಕ್ಕ ಹಾಕುವಾಗ, ತಕರಾರು ಬಂದಾಗ, ಆ ಆಯುಧ ಹೊಲಕ್ಕ ಬರತಿತ್ತು. ಅದರ ಮುಂದ ನಿಂತು ಖರೆ ಹೇಳಬೇಕು. ದೇವರೇ ಬಂದು ಬದುವಿನ ಮ್ಯಾಲ ನಿಂತಂಗ. ಆಯುಧ ಅದಾಗಿದ್ರೂ ಯಾರನ್ನೂ ಕಡಿಯಾಕ ಅಲ್ಲ, ಬಾಯಿಂದ ಸುಳ್ಳು ಬರದಂಗ ತಡಿಯಾಕ.

ನಮ್ಮ ನಾಡಿನಾಗನ ನೋಡಿದ್ರೂ ಹಂಗ ಐತಿ. ಕೊಡಗಿನವ್ರು ಗದ್ದಿ ನಾಟಿ ನಡೆಯೋ ದಿನಗಳಾಗ ಕೋವಿ, ಒಡಿಕತ್ತಿ ದೇವರ ಕೋಣ್ಯಾಗ ಇಟ್ಟುಬಿಡತಾರ. ಕೆಲಸ ಮುಗದು ಸೆಪ್ಟೆಂಬರಿನಾಗ ಕೈಲ್ ಪೊಳ್ದ್ ಹಬ್ಬ ಬಂದಾಗ ಪೂಜಿ ಮಾಡಿ ಹೊರಗ ತಗೀತಾರ. ಮೈಸೂರಿನಾಗ 2014ರ ದಸರಾಕ್ಕ ಸಿಂಹಾಸನದ ಮ್ಯಾಲ ಕುಂದರಾಕ ಅರಸ ಇರಲಿಲ್ಲ, ಪಟ್ಟದ ಕತ್ತಿನ ಇಟ್ಟು ದರ್ಬಾರ್ ಮಾಡಿದ್ರು. ಪಾಂಡವರು ಬನ್ನಿ ಗಿಡಕ್ಕ ಆಯುಧ ಕಟ್ಟಿದ್ದನ್ನ ನೆನಸಿಕೊಂಡು ನಾವು ಇವತ್ತಿಗೂ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟತೀವಿ. ಆದ್ರ ಪಾಂಡವರು ವರ್ಷ ತುಂಬಿದ ಮ್ಯಾಲ ತಿರುಗಿ ತಗೊಂಡ್ರು. ಕೊಡಗಿನವ್ರೂ ತಗೋತಾರ. ಆಯಿ ಮಾತ್ರ ತಿರುಗಿ ತರಾಕ ಕೊಟ್ಟಿರಲಿಲ್ಲ.

ಇಷ್ಟೆಲ್ಲಾ ನಾ ಬರಿಯಾಕ ಕಾರಣ ಹೋದ ವರ್ಷ ಆದದ್ದು.

ಅಪ್ಪ ಹೋಗಿ ಮೂರು ವರ್ಷ ಆಗಿತ್ತು. ಅಣ್ಣ ಊರಾಗ ಹೊಲ ಮಾಡ್ತಾನ, ತಮ್ಮ ಬೆಂಗಳೂರಾಗ ನೌಕರಿ. ತಮ್ಮಗ ವಾಟ್ನಿ ಬೇಕಾಗಿತ್ತು, ತನ್ನ ಪಾಲು ಮಾರಿ ಅಲ್ಲೇ ಮನಿ ಕಟ್ಟೋ ವಿಚಾರ. ಗುಡ್ಡದ ಮ್ಯಾಲ ಗಾಳಿ ಫ್ಯಾನು ಬಂದಮ್ಯಾಲ, ರಸ್ತೆ ಆದಮ್ಯಾಲ ನಮ್ಮ ಭಾಗದ ಹೊಲಕ್ಕೂ ರೇಟು ಬಂದೈತಿ. ಆದ್ರ ಹೊಲ ಎರಡು ಪಾಲು ಮಾಡಬೇಕಂದ್ರ ಮೊದಲ ಸಣ್ಣಜ್ಜನ ಮಗ, ನಮ್ಮ ಕಾಕಾನ ಕಡೆ ಬದು ಎಲ್ಲಿ ಅನ್ನೋದು ಗೊತ್ತಾಗಬೇಕು. ಅದೇ ಬದು. ಕರಿಜಾಲಿ ಗಿಡ ಯಾವಾಗೋ ಹೋಗೈತಿ, ಬದು ಟ್ರ್ಯಾಕ್ಟರ್ ಹೊಡತಕ್ಕ ಅತ್ತಾಗ ಇತ್ತಾಗ ಸರದೈತಿ. ಕಾಕಾ ಒಂದು ಹೇಳ್ತಾನ, ಅಣ್ಣ ಒಂದು ಹೇಳ್ತಾನ, ತಮ್ಮ ಉತಾರ ಹಿಡಕೊಂಡು ಇನ್ನೊಂದು ಹೇಳ್ತಾನ. ಫೋನಿನಾಗ ಮಾತು ಬಿರುಸಾತು. "ಒಂದು ಗೇಣು ಒಳಗ ಬಂದ್ರೂ ಕಾಲು ಮುರೀತೀನಿ" ಅಂತ ಅಣ್ಣನ ಬಾಯಾಗ ಬಂತು. ನಮ್ಮಣ್ಣ ಇರುವಿ ತುಳಿಯದಂಥಾಂವ. ಆ ಮಾತು ಕೇಳಿ ಅವ್ವ ಅವತ್ತ ಉಣ್ಣಲಿಲ್ಲ. ನನಗ ಫೋನ್ ಮಾಡಿ, "ನೀ ಬಾರವ್ವಾ. ನಾ ಒಬ್ಬಾಕಿ ಸಾಲಂಗಿಲ್ಲ" ಅಂದ್ಲು.

ನನಗೂ ಒಂದು ಕರೆ ಬಂದಿತ್ತು ಬಿಡ್ರಿ, ಸಹಿ ಮಾಡಾಕ. 2005ರ ತಿದ್ದುಪಡಿ ಆದಾಗಿಂದ ಹೆಣ್ಣಮಕ್ಕಳಿಗೂ ಸಮಪಾಲು. ಹಂಗಾಗಿ ನಮ್ಮ ಸಹಿ ಇಲ್ಲದ ವಾಟ್ನಿ ಆಗಂಗಿಲ್ಲ. ಅದು ಬ್ಯಾರೆ ಕತಿ, ಮುಂದ ಬರತೀನಿ.

ನಾ ಊರಿಗೆ ಹೋದ ಮರುದಿನ ಈರಭದ್ರ ದೇವರ ಗುಡಿಯ ಪೂಜಾರಿಯ ಮಗ ಅಣ್ಣಗ ಫೋನ್ ಮಾಡಿದ. ಗುಡಿ ಜೀರ್ಣೋದ್ಧಾರ ನಡದೈತಿ, ಹಳೇ ಗ್ವಾಡಿ ಇಳಿಸ್ಯಾರ. ಹರಕಿ ಸಾಮಾನು ಒಂದು ರಾಶಿ ಆಗೈತಿ. ತ್ರಿಶೂಲ, ಒಡದ ಗಂಟಿ, ಸರಪಳಿ. ಬೇಕಾದವ್ರು ಒಯ್ಯಬಹುದು, ಉಳದದ್ದು ಹಳೇ ಕಬ್ಬಿಣದ ಅಂಗಡಿಗೆ. "ನಿಮ್ಮ ಆಯಿ ಕೊಟ್ಟ ಕೊಡ್ಲಿನೂ ಐತಿ. ನಮ್ಮಪ್ಪ ಅದು ನಿಮ್ಮದು ಅಂತ ಹೇಳಿಟ್ಟಿದ್ದ" ಅಂದ.

ಅವ್ವ ಪಡಸಾಲ್ಯಾಗ ಕೂತು ಕೇಳಿಸಿಕೊಂಡ್ಲು. "ಮೂವರೂ ಹೋಗ್ರಿ. ಕಾಕಾನ್ನೂ ಕರಕೊಂಡು ಹೋಗ್ರಿ" ಅಂದ್ಲು. ಅಷ್ಟ.

ಒಂದೇ ಕಾರಿನಾಗ ಹೋದ್ವಿ. ಹಾದಿತುಂಬಾ ಯಾರೂ ಮಾತಾಡಲಿಲ್ಲ. ಕಿಟಕ್ಯಾಗ ಕಡ್ಲಿ ಹೊಲ, ಬಿಳಿಜ್ವಾಳ ಹೊಲ ಹಿಂದಕ್ಕ ಹೋಗತಿದ್ವು. ಗುಡಿ ಮುಂದ ಜೆಸಿಬಿ ನಿಂತಿತ್ತು, ಕಲ್ಲು ಸಿಮೆಂಟು ಹರವಿತ್ತು. ಬೇವಿನ ಗಿಡದ ಬುಡಕ್ಕ ಕಬ್ಬಿಣದ ರಾಶಿ. ಪೂಜಾರಿಯ ಮಗ ಅದರಾಗಿಂದ ತಗದು ಕೊಟ್ಟ. ಕಾವು ಗೆದ್ದಲು ತಿಂದು ಹೋಗಿತ್ತು, ಅಲಗು ಮಾತ್ರ ಇತ್ತು. ತುಕ್ಕಿನ ಮ್ಯಾಲ ಐವತ್ತು ವರ್ಷದ ಕುಂಕುಮ, ಎಣ್ಣಿ ಕೂತು ಹೆಪ್ಪಿನಂಗ ಗಟ್ಟಿಯಾಗಿತ್ತು.

ಕಾಕಾ ಕೈಚಾಚಿ ಇಸಗೊಂಡ. ಅವತ್ತ ಬದುವಿನ ಮ್ಯಾಲ ಅಪ್ಪನ ಬುತ್ತಿ ಹಿಡಕೊಂಡು ನಿಂತ ಎಂಟು ವರ್ಷದ ಹುಡುಗ ಇವನ. ಬಾಳ ಹೊತ್ತು ತಿರುವಿ ಮುರುವಿ ನೋಡಿದ. ಆಮ್ಯಾಲ, "ಇಷ್ಟ ಸಣ್ಣದಿತ್ತೇನಿದು?" ಅಂದ.

ಯಾರಿಗೂ ಏನನಬೇಕೋ ತಿಳೀಲಿಲ್ಲ. ತಮ್ಮ ಮಾತು ತಗದು, "ನಾ ಒಯ್ಯಲೇನು? ಬೆಂಗಳೂರಾಗ ಶೋಕೇಸಿನಾಗ ಇಡತೀನಿ, ಆಯಿ ನೆನಪಿಗೆ" ಅಂದ. ಅಂವ ಕೆಟ್ಟ ಮನಸಿನಿಂದ ಅಂದಿರಲಿಲ್ಲ. ಅಣ್ಣ ಏನೋ ಅನ್ನಾಕ ಹೋದ. ನಾನು ಅಡ್ಡ ಬಂದು, "ಬ್ಯಾಡೋ ತಮ್ಮಾ. ಆಯಿ ಕೊಟ್ಟದ್ದನ್ನ ನಾವು ತಿರುಗಿ ಮನಿಗೆ ತರಬಾರದು" ಅಂದೆ. ಗುಜರಿಗೆ ಹಾಕಿದ್ರೂ ಅಷ್ಟ, ಕರಗಿಸಿ ಇನ್ನೊಂದು ಮಾಡತಾರ. ಆಯಿ ಐವತ್ತು ವರ್ಷದ ಹಿಂದ ಸುತ್ತಿ ಸುತ್ತಿ ಬಂದ ಲೆಕ್ಕದಾಗ ನಾವೂ ನಿಂತಿದ್ವಿ.

ಆಗ ಮಗಳು ಹೇಳಿದ್ದೊಂದು ನೆನಪಾತು. ಅದೇ ಇರಾಕಿನ ತೆಲ್ ಅಸ್ಮರ್ ಅನ್ನೋ ಕಡೆ 1934ರಾಗ ಗುಡಿಯ ನೆಲ ಅಗದಾಗ ಹನ್ನೆರಡು ಮೂರ್ತಿ ಸಿಕ್ಕಿದ್ವಂತ, ಕೈಮುಗದು ನಿಂತ ಭಕ್ತರ ಮೂರ್ತಿ. ದೇವರಿಗೆ ಕೊಟ್ಟದ್ದು ಹಳೇದಾದ್ರೂ ಹೊರಗ ಒಗಿದೆ, ಗುಡಿ ನೆಲದಾಗನ ಹೂಳಿದ್ರು. ಕೊಟ್ಟದ್ದು ದೇವರದು, ಗುಡಿ ಬಿಟ್ಟು ಹೋಗಂಗಿಲ್ಲ. ನಾ ಗೌಂಡಿಯನ್ನ ಕೇಳಿದೆ, "ಈ ಕಟ್ಟಿ ಪಾಯಾದಾಗ ಇದನ್ನ ಹಾಕಬಹುದೇನಪಾ?" ಅಂವ ಪೂಜಾರಿ ಮುಖ ನೋಡಿದ. ಪೂಜಾರಿ, "ಹಾಕ್ರಿ. ಈರಭದ್ರ ಅದರ ಮ್ಯಾಲ ಕಾಲಿಟ್ಟು ನಿಲ್ಲಲಿ" ಅಂದ್ರು.

ಕಾಕಾ ಅಣ್ಣ ಕೂಡಿ ಅಲಗನ್ನ ಪಾಯಾದಾಗ ಇಟ್ರು. ತಮ್ಮ ಪ್ಯಾಂಟು ಮಡಚಿಕೊಂಡು ಒಂದು ಬುಟ್ಟಿ ಮಣ್ಣು ಸುರುವಿದ. ಗೌಂಡಿ ಅದರ ಮ್ಯಾಲ ಕಲ್ಲು ಹಾಕಿ ಸಿಮೆಂಟು ಹೊಡದ. ಮಂತ್ರ ಇಲ್ಲ, ಮಾತಿಲ್ಲ. ಮೆಸಿಲಿಮ್ ಗದಿ ಕೊಟ್ಟಾಗ ತನ್ನ ಹೆಸರು ಕೆತ್ತಿಸಿದ, ಹೆಸರು ಉಳೀಲಿ ಅಂತ. ಆಯಿ ಕೊಟ್ಟದ್ದು ಅದರ ಮ್ಯಾಲ ಯಾರ ಹೆಸರೂ ಉಳೀಬಾರದು ಅಂತ. ಆಕಿ ಹೆಸರು ನಾನೂ ಇಲ್ಲಿ ಬರಿಯಂಗಿಲ್ಲ.

ಇನ್ನ ಮೋಜಣಿ ದಿನದ್ದು ಹೇಳಿಬಿಡತೀನಿ. ಇದೆಲ್ಲಾ ಆದಮ್ಯಾಲ ಎಲ್ಲಾರೂ ತೆಕ್ಕಿಬಿದ್ದು ಅತ್ರು ಅಂತ ತಿಳಕೋಬ್ಯಾಡ್ರಿ. ಅವ್ವ ಒಂದೇ ಮಾತು ಹೇಳಿದ್ಲು, "ಹೊಲಕ್ಕ ಹೋಗೋರು ಬರಿಗೈಲೆ ಹೋಗಬೇಕು." ಅಣ್ಣ ರೂಢಿ ಪ್ರಕಾರ ಕುಡಗೋಲು ಹೆಗಲಿಗೆ ಹಾಕಿಕೊಂಡು ಹೊಂಟಿದ್ದ. ಅಗಸಿತನಕ ಹೋದಾಂವ ತಿರುಗಿ ಬಂದು ದಂದಕ್ಕಿ ಗ್ವಾಡಿಗೆ ತೂಗುಹಾಕಿ ಹೋದ. ಸರ್ವೇದವ್ರು ಅಳದ್ರು. ಬದು ಒಂದು ಕಡೆ ಸರದದ್ದು ಖರೆ, ಹತ್ತತ್ರ ಅರ್ಧ ಗುಂಟೆ, ನಮ್ಮ ಕಡೆಯಿಂದ ಕಾಕಾನ ಹೊಲದಾಗ. ಅಂದ್ರ ನಾವ ಒತ್ತಿದ್ದು. ಅಣ್ಣ ಒಪ್ಪಲಿಲ್ಲ. ಸಂಜಿತನಕ ಬಾಯಿ ನಡೀತು, ಬಾಜೂ ಹೊಲದವ್ರು ಕೆಲಸ ಬಿಟ್ಟು ನೋಡಾಕ ನಿಂತಿದ್ರು. ಆದ್ರ ಯಾರ ಕೈಯಾಗೂ ಏನೂ ಇರಲಿಲ್ಲ. ಕತ್ತಲಾದಾಗ ಬಾಂದಗಲ್ಲು ನೆಟ್ಟು ಎಲ್ಲಾರೂ ಮನಿಗೆ ಬಂದ್ರು. ಕಾಕಾ ನಮ್ಮ ಕಟ್ಟಿ ಮ್ಯಾಲ ಕೂತು ಚಾ ಕುಡದು ಹೋದ. ಅದೂ ಸಣ್ಣ ಮಾತಲ್ಲ.

ನಾ ಸಹಿ ಇನ್ನೂ ಮಾಡಿಲ್ಲ. ತಮ್ಮ ತಿಂಗಳಿಗೊಮ್ಮೆ ಕೇಳತಾನ, "ಅಕ್ಕಾ, ಯಾವಾಗ ಬರತಿ?" ಅಂತ. ಬರತೀನಿ, ನನ್ನ ಪಾಲಿನ ಮಾತೂ ತಗೀತೀನಿ, ಅದನ್ನೂ ಬಾಯಿಲೆ ಮಾತಾಡಿ ಮುಗಸೋಣು ಅಂದೀನಿ.

ಈ ಸಲ ಖಂಡೆಪೂಜಿಗೆ ಊರಿಗೆ ಹೋಗಿದ್ದೆ, ಮಗಳೂ ಬಂದಿದ್ಲು. ಅವ್ವಗ ಮೊಣಕಾಲು ಬ್ಯಾನಿ, ಏಳಾಕ ಆಗವಲ್ತು. ಕುಂಕುಮದ ಭರಣಿ ಮೊಮ್ಮಗಳ ಕೈಗೆ ಕೊಟ್ಟು ಗೂಟದ ಕಡೆ ತೋರಿಸಿದ್ಲು. ಇಕಿ ಹೋಗಿ ತುದಿಬೆರಳಿಲೆ ಒಂದು ಬಟ್ಟು ಹಚ್ಚಿದ್ಲು. ಗೂಟ ಹಳೇದಾಗಿ ಸಡಲ ಆಗಿತ್ತು, ಮುಟ್ಟಿದ ಕೂಡಲೇ ಅಳ್ಳಾಡಿತು.

"ಮಾಮಾಗ ಹೇಳಿ ಗಟ್ಟಿ ಕೂಡಸಬೇಕು ಆಯಿ" ಅಂದ್ಲು ಮಗಳು.

"ಹೂಂ, ಕೂಡಸಬೇಕು" ಅಂದ್ಲು ಅವ್ವ. "ಬೀಳಗೊಡಬಾರದು ಅದನ್ನ."